ಕರ್ಪೂರವಿಲ್ಲದ ಆಯುಧಪೂಜೆ

ಬಹರೇನ್, 1938

ಅವ್ವಾ, ಸಮುದ್ರದ ಮೇಲಿಂದಲೇ ನಿನ್ನ ಕಾಲಿಗೆ ಬಿದ್ದಿದ್ದೇನೆ.

ಇಲ್ಲಿ ನೀರಿನ ನಡುವೆ ಕಟ್ಟೆ ಕಟ್ಟಿ, ಕೊಳವೆಯಲ್ಲಿ ಹಡಗಿಗೆ ಪೆಟ್ರೋಲ್ ತುಂಬುತ್ತಾರೆ. ಅರಬ್ಬರ ಹಾಯಿದೋಣಿಗಳಲ್ಲಿ ಸದಾ ಒಲೆ ಉರಿಯುತ್ತಿರುತ್ತದೆ. ಅವು ಹತ್ತಿರ ಬಂದರೆ ಲಾಂಚ್ ಎಂಬ ಇಂಜಿನ್ ದೋಣಿಯ ಮೇಲೆ ನಿಂತು ಕೆಂಪು ಬಾವುಟ ಬೀಸಿ ಓಡಿಸುವುದು ನನ್ನ ಕೆಲಸ. ಒಬ್ಬನೂ ಮಾತು ಕೇಳುವುದಿಲ್ಲ ಕಣವ್ವ.

ಪೂಜೆ ತಪ್ಪಿಸಬೇಡ ಅಂದಿದ್ದೆಯಲ್ಲ, ನಿನ್ನೆ ಲಾಂಚಿನ ಇಂಜಿನ್‌ಗೆ ವಿಭೂತಿ ಬಳಿದು ಕರ್ಪೂರಕ್ಕೆ ಕಡ್ಡಿ ಗೀರಲು ಹೋದೆ. ಲಾಂಚ್ ನಡೆಸುವ ನಮ್ಮ ಶಿರಾದ ಬುಡನ್ ಸಾಬ್ ಗಕ್ಕನೆ ಕೈ ಹಿಡಿದ. “ಲೇ ಅಡವಯ್ಯ, ಪಕ್ಕದಾಗೆ ಹಡಗು ತುಂಬ ಪೆಟ್ರೋಲ್ ಐತೆ ಕಣ್ಲಾ! ದೋಣಿಯೋರ್ನ ಬೈಯೋ ನೀನೇ ಬೆಂಕಿ ಹಚ್ತೀಯಾ?”

ಕಡ್ಡಿಪೆಟ್ಟಿಗೆ ಸಮುದ್ರಕ್ಕೆ ಎಸೆದೆ. ಪೂಜೆ ಅರ್ಧಕ್ಕೆ ಬಿಡಲು ಮನಸ್ಸು ಬರದೆ, ಬಾವುಟದಿಂದಲೇ ಇಂಜಿನ್‌ಗೆ ಮೂರು ಸುತ್ತು ಮಂಗಳಾರತಿ ಎತ್ತಿದೆ. ನಮ್ಮತ್ತ ಬರುತ್ತಿದ್ದ ದೋಣಿಯೊಂದು ಅದನ್ನು ನೋಡಿ, ಹೆದರಿ, ತಿರುಗಿ ಓಡಿತು! ಬುಡನ್ ಸಾಬ್ ಇನ್ನೂ ನಗುತ್ತಿದ್ದಾನೆ.

ಉಪ್ಪುಗಾಳಿಗೆ ಕಣ್ಣುರಿ ಇತ್ತು, ಈಗ ವಾಸಿ. ಬುಡನ್ ಸಾಬ್‌ನ ತಮ್ಮ ಊರಿಂದ ಬರುವಾಗ ಹುಚ್ಚೆಳ್ಳು ಪುಡಿ ಕೊಟ್ಟು ಕಳಿಸು.

ಅಗೋ, ಇನ್ನೊಂದು ದೋಣಿ ಬಂತು. ಎದ್ದು ಆರತಿ ಎತ್ತಬೇಕು.

ನಿನ್ನ ಅಡವಯ್ಯ