ಎಸ್ತರ್ ಅಜ್ಜಿ ಓದುತ್ತಿದ್ದ ಹೆಸರುಗಳು

ಶರಫಿಯಾ, ಜಿದ್ದಾ
ಶುಕ್ರವಾರ, ಜನವರಿ 9, 2026

ನನ್ನ ಚಿನ್ನದ ಮೊಮ್ಮಗಳು ಹನಾನ್‌ಗೆ ಉಪ್ಪಾಪನ ಸಲಾಮ್.

ಅಲ್ಲಿ ಜರ್ಮನಿಯಲ್ಲಿ ಮೊಣಕಾಲುದ್ದ ಹಿಮ ಬಿದ್ದಿದೆಯೆಂದು ನಿನ್ನ ಉಮ್ಮ ಜಸೀಲಾ ಹೇಳಿದಳು. ಉಣ್ಣೆಯ ಕಾಲುಚೀಲ ಹಾಕಿಕೋ, ಎರಡು ಜೊತೆ, ಒಂದರ ಮೇಲೊಂದು. ಕೆಮ್ಮು ಹೇಗಿದೆ? ನೀನು ನರ್ಸ್ ಆದ ಮಾತ್ರಕ್ಕೆ ಕೆಮ್ಮು ನಿನಗೆ ಹೆದರುವುದಿಲ್ಲ, ಕರಿಮೆಣಸಿನ ಕಷಾಯ ಮಾಡಿ ಕುಡಿ. ನನ್ನ ಮಂಡಿನೋವು ಇದ್ದ ಹಾಗೆಯೇ ಇದೆ. ಸಕ್ಕರೆ ಕಾಯಿಲೆಯ ವಿಷಯ ಮಾತ್ರ ಕೇಳಬೇಡ, ಡಾಕ್ಟರರೊಂದಿಗೆ ಜಗಳವಾಗಿದೆ. ಫೋನಿನಲ್ಲಿ ಮಾತಾಡಿ ಕಳಿಸಿದರೆ ಮುಗಿಯಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಫೋನ್ ಹಿಡಿದರೆ ನಾನು ಮಾತಿಗೆ ಮೊದಲೇ ಬೊಬ್ಬೆ ಹೊಡೆಯುತ್ತೇನೆ. ಬರೆಯುವಾಗ ಕೈ ನಿಧಾನ, ಸಿಟ್ಟು ಸ್ವಲ್ಪ ಹಿಂದೆ ಉಳಿಯುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ, ನಗಬೇಡ. ನಿನ್ನ ಅಪ್ಪ ಇದರ ಫೋಟೋ ತೆಗೆದು ಕಳಿಸುತ್ತಾನೆ.

ನೀನು ಕೇಳಿದ ಪ್ರಶ್ನೆ ಎರಡು ವಾರದಿಂದ ನನ್ನ ತಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದೆ. ನೀನು ನೋಡಿಕೊಳ್ಳುವ ಎಸ್ತರ್ ಅಜ್ಜಿ ಯಹೂದಿ, ವಯಸ್ಸು ಎಂಬತ್ತೆಂಟು. ಅವರು ಐದು ವರ್ಷದ ಮಗುವಾಗಿದ್ದಾಗ ಹಿಟ್ಲರನ ಜನ ಬಂದು ಅಪ್ಪ, ಅಮ್ಮ, ಇಬ್ಬರು ಅಣ್ಣಂದಿರನ್ನು ಹಿಡಿದುಕೊಂಡು ಹೋದರು. ಒಬ್ಬರೂ ತಿರುಗಿ ಬರಲಿಲ್ಲ. ಬಟ್ಟೆ ಒಗೆಯುವ ಹೆಂಗಸೊಬ್ಬಳು ಮಗುವನ್ನು ಬಚ್ಚಿಟ್ಟು ಉಳಿಸಿದಳು. ವರ್ಷ ವರ್ಷವೂ ಜನವರಿ ಇಪ್ಪತ್ತೇಳರಂದು ಸಂಜೆ ಐದಕ್ಕೆ ಆ ಊರಿನ ಯಹೂದಿಗಳು ತಮ್ಮ ಸಭಾಂಗಣದಲ್ಲಿ ಸೇರಿ, ಹಾಗೆ ಕೊಲೆಯಾದ ಊರಿನವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ. ತನ್ನ ಮನೆಯವರ ನಾಲ್ಕು ಹೆಸರುಗಳನ್ನು ಎಸ್ತರ್ ಅಜ್ಜಿಯೇ ಎದ್ದು ನಿಂತು ಓದುತ್ತಿದ್ದರು. ಈ ಸಲ ಪಾರ್ಶ್ವವಾಯು ಬಡಿದು ಅವರ ಮಾತು ಹೋಗಿದೆ. ನನ್ನ ಬದಲು ಇವಳು ಓದಲಿ ಎಂದು ಅವರು ಬೆರಳು ತೋರಿಸಿದ್ದು ನಿನ್ನನ್ನು. ‘ಉಪ್ಪಾಪ, ಉಪ್ಪ, ಇಬ್ಬರೂ ಹ್ಞೂಂ ಅಂದ್ರೆ ಮಾತ್ರ ಓದ್ತೇನೆ’ ಅಂತ ನೀನು ಹೇಳಿ ಕಳಿಸಿದೆ. ಸಾವಿರಾರು ಮೈಲಿ ದೂರದಲ್ಲಿ, ಸ್ವಂತ ದುಡಿಮೆಯಲ್ಲಿರುವ ಹುಡುಗಿ ಕೇಳದೆ ಓದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಕೇಳಿದೆ ನೋಡು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಬಂದದ್ದು ಸಿಟ್ಟೇ. ಹಿಟ್ಲರ್ ಎಂದರೆ ನನಗೆ ಗೊತ್ತಿದ್ದದ್ದು ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರಿಗೆ ಹುಡುಗರು ಇಟ್ಟ ಅಡ್ಡಹೆಸರು, ಅಷ್ಟೇ. ಮಕ್ಕಳು ಮುದುಕರು ಎನ್ನದೆ ಜನರನ್ನು ರೈಲಿಗೆ ತುಂಬಿ ಒಯ್ದು ಕೊಂದ ಸಂಗತಿಯನ್ನು ಈ ವಯಸ್ಸಿನಲ್ಲಿ ಮೊಮ್ಮಗಳ ಬಾಯಿಂದ ತಿಳಿಯಬೇಕಾಯಿತು. ನಿನ್ನ ಅಪ್ಪ ರಝಾಕ್ ಅಂತೂ ಹೊಲಿಗೆ ಮಿಷನ್ ನಿಲ್ಲಿಸಿ ಎದ್ದೇಬಿಟ್ಟ. ‘ಗಾಝಾದಲ್ಲಿ ಮಕ್ಕಳು ಸಾಯುವಾಗ ಇವಳಿಗೆ ಯಹೂದಿಗಳ ಒಟ್ಟಿಗೆ ನಿಲ್ಲಲಿಕ್ಕುಂಟಾ? ಒಂದು ಫೋಟೋ ಫೋನಿನಲ್ಲಿ ಬಂದ್ರೆ ಸಾಕು, ಅಂಗಡಿಗೆ ಒಬ್ಬ ಗಿರಾಕಿ ಬರುದಿಲ್ಲ. ಬೇಡ ಅಂತ ಹೇಳಿ ಅವಳಿಗೆ!’ ಗಾಝಾದ ಮಕ್ಕಳಿಗಾಗಿ ನಾನು ಪ್ರತಿ ನಮಾಝಿನಲ್ಲಿ ಅಳುತ್ತೇನೆ, ಅದನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ. ಆದರೆ ಆ ಐದು ವರ್ಷದ ಮಗು ಯಾರ ಮೇಲೆ ಬಾಂಬ್ ಹಾಕಿತ್ತು? ರಝಾಕನನ್ನು ಹಾಗೆಯೇ ಕೇಳಿದೆ. ‘ಅದು ಹಾಗಲ್ಲ ಉಪ್ಪಾ’ ಎಂದ. ಮತ್ತೆ ಮಿಷನ್ ತುಳಿಯಲು ಕೂತ.

ನಿನ್ನ ಅಪ್ಪನಿಗೆ ಮರೆವು ಜಾಸ್ತಿ. ಹೋದ ಬೇಸಿಗೆಯಲ್ಲಿ ನಿನ್ನನ್ನು ಕೆಲಸಕ್ಕೆ ಸೇರಿಸಿದ ಏಜೆಂಟ್ ಪಾಸ್‌ಪೋರ್ಟ್ ಹಿಡಿದಿಟ್ಟುಕೊಂಡಾಗ ಈ ಮನೆಯಲ್ಲಿ ಯಾರಿಗೂ ಅನ್ನ ಸೇರುತ್ತಿರಲಿಲ್ಲ. ಬಿಡಿಸಿ ಕೊಟ್ಟವರು ಯಾರು? ಎಸ್ತರ್ ಅಜ್ಜಿಯ ಕಡೆಯವರೇ. ಹೆಸರು ಓದಿ ಕಣ್ಣೊರೆಸಿಕೊಂಡು ಮನೆಗೆ ಹೋಗುವ ಜನ ಅವರಲ್ಲ. ಅದೇ ಸಭಾಂಗಣದಲ್ಲಿ ವರ್ಷವಿಡೀ ಮೇಜು ಹಾಕಿ ಕೂತು, ಹೊರದೇಶದಿಂದ ಬಂದ ಕೆಲಸದವರಿಗೆ ಬಿಸಿ ಊಟ ಬಡಿಸುತ್ತಾರೆ, ಮೋಸ ಮಾಡಿದ ಧಣಿಗೆ ವಕೀಲರಿಂದ ನೋಟೀಸು ಕಳಿಸುತ್ತಾರೆ. ಯಾವ ಧರ್ಮ ಎಂದು ಕೇಳುವುದಿಲ್ಲ. ನಿನ್ನ ಪಾಸ್‌ಪೋರ್ಟ್ ಬಂದ ದಿನ ಇದೇ ರಝಾಕ್ ಬೀದಿಯವರಿಗೆಲ್ಲ ಹಲ್ವ ಹಂಚಿದ್ದ. ಇದೆಲ್ಲ ಯಾಕೆ ಮಾಡುತ್ತೀರಿ ಎಂದು ನೀನು ಕೇಳಿದ್ದಕ್ಕೆ, ಮಾತು ಇದ್ದ ದಿನಗಳಲ್ಲಿ ಆ ಅಜ್ಜಿ ಹೇಳಿದ್ದನ್ನು ನೀನು ನನಗೆ ಹೇಳಿದ್ದೆ: ‘ನನ್ನಮ್ಮನನ್ನು ಕರ್ಕೊಂಡು ಹೋದ ದಿನ ಇಡೀ ಬೀದಿ ಕಿಟಕಿಯ ಪರದೆಯ ಹಿಂದೆ ನಿಂತು ನೋಡ್ತಾ ಇತ್ತು. ನಾನು ಪರದೆಯ ಹಿಂದೆ ನಿಲ್ಲುದಿಲ್ಲ.’ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು ಮಗಳೇ. ನುಂಗಲೂ ಆಗದು, ಉಗುಳಲೂ ಆಗದು.

ಯಾಕೆಂದರೆ ಇಲ್ಲಿ ನಮ್ಮ ಕಣ್ಣೆದುರಿಗೆ ಕೊರಗಪ್ಪ ಇದ್ದ. ನಿನಗೆ ಗೊತ್ತಿಲ್ಲ, ಕಿನ್ನಿಗೋಳಿ ಕಡೆಯವನು, ಒಬ್ಬ ಅರಬಿಯ ಮನೆಯಲ್ಲಿ ಡ್ರೈವರ್. ಶುಕ್ರವಾರ ಅಂಗಡಿಗೆ ಬಂದು, ಬಾಯಿತುಂಬ ತುಳು ಮಾತಾಡಿ ಹೋಗುತ್ತಿದ್ದ. ಅವನ ಮಗಳಿಗೆ ಮದುವೆ ನಿಶ್ಚಯವಾಗಿದೆ. ಅವನ ಕಫೀಲ್, ಅಂದರೆ ಇಲ್ಲಿಗೆ ಕರೆಸಿಕೊಂಡ ಧಣಿ, ರಜೆ ಕೊಡುತ್ತಿರಲಿಲ್ಲ. ಪಾಸ್‌ಪೋರ್ಟ್ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ‘ಸಾಯಿಬ್ರೆ, ಧಾರೆ ಎರೆಯಲಿಕ್ಕೆ ಅಪ್ಪ ಬೇಕಲ್ಲ’ ಎಂದು ಅವನು ಹೇಳುವುದು, ಶರಫಿಯಾದ ನಾವೆಲ್ಲ ಚಹಾ ಕುಡಿಸಿ ‘ಸಬರ್ ಮಾಡು ಮಾರಾಯ, ಸ್ವಲ್ಪ ತಾಳು’ ಎಂದು ಕಳಿಸುವುದು, ಹೀಗೇ ನಡೆದಿತ್ತು. ಇದು ಪರದೆಯಲ್ಲದೆ ಇನ್ನೇನು? ಕಳೆದ ವಾರ ನಾನು ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೊರಟೆ. ರಝಾಕನಿಗೆ ಎದೆ ಒಡೆಯಿತು. ಆ ಕಫೀಲನ ಇಡೀ ಕುಟುಂಬಕ್ಕೆ ಬಿಳಿ ನಿಲುವಂಗಿ ಹೊಲಿಯುವುದು ನಮ್ಮ ಅಂಗಡಿಯೇ. ಅಷ್ಟು ದೊಡ್ಡ ಗಿರಾಕಿ ನಮಗೆ ಇನ್ನೊಬ್ಬನಿಲ್ಲ. ‘ನಿಮಗೆ ಎಂತ ಮರ್ಲಾ ಉಪ್ಪಾ, ಹುಚ್ಚಾ?’ ಎಂದ. ‘ಹೌದು, ಕಾರು ತೆಗಿ’ ಎಂದೆ. ದಾರಿಯುದ್ದಕ್ಕೂ ನನ್ನ ಜೊತೆ ಮಾತಿಲ್ಲ, ಹಾರ್ನಿನ ಜೊತೆ ಮಾತ್ರ.

ಅರಬಿಗಳಲ್ಲಿ ಹಳೆಯ ಒಂದು ಪದ್ಧತಿ ಇದೆ, ನಿನಗೆ ಹೇಳಿದ್ದೇನೋ ಇಲ್ಲವೋ. ಮನೆಗೆ ಬಂದ ಅತಿಥಿ ಗಹ್ವಾದ, ಅಂದರೆ ಅರಬಿ ಕಾಫಿಯ, ಕಪ್ಪನ್ನು ಕುಡಿಯದೆ ಕೆಳಗಿಟ್ಟರೆ, ಅವನಿಗೆ ಏನೋ ಕೇಳುವುದಿದೆ ಎಂದು ಅರ್ಥ. ಅದನ್ನು ನಡೆಸಿಕೊಡದೆ ಅವನನ್ನು ಎಬ್ಬಿಸಿ ಕಳಿಸುವುದು ಮನೆಯ ಯಜಮಾನನಿಗೆ ಮರ್ಯಾದೆಯಲ್ಲ. ಇದು ಅವರವರ ಮಧ್ಯದ ಪದ್ಧತಿ, ನಮ್ಮಂಥ ದರ್ಜಿಗಳು ಮಾಡುವುದಲ್ಲ. ನಾನು ಮಾಡಿದೆ. ಅವನ ಬೈಠಕ್ ಕೋಣೆಯಲ್ಲಿ ನಾಲ್ಕಾರು ಜನ ಬಂಧುಗಳು ಕೂತಿದ್ದರು. ಗಹ್ವಾ ಬಂತು. ಕಪ್ಪನ್ನು ಜಮಖಾನದ ಮೇಲಿಟ್ಟೆ. ಅವನು ನೋಡಿದ. ಎಲ್ಲರೂ ನೋಡಿದರು. ಬೆವರಿದ್ದು ನಿಜ, ಸುಳ್ಳು ಯಾಕೆ ಹೇಳಲಿ. ಆಗ ನನ್ನ ಪಕ್ಕದಲ್ಲಿ ಟಕ್ ಎಂದು ಸದ್ದಾಯಿತು. ನಿನ್ನ ಅಪ್ಪ. ತುಟಿಯವರೆಗೆ ಹೋಗಿದ್ದ ಕಪ್ಪನ್ನು ಅವನೂ ತಂದು ನನ್ನ ಕಪ್ಪಿನ ಪಕ್ಕ ಇಟ್ಟಿದ್ದ. ಮುಖ ಮಾತ್ರ ಹರಳೆಣ್ಣೆ ಕುಡಿದವನ ಹಾಗೆ! ನಾನು ಕೊರಗಪ್ಪನ ಮಗಳ ಮದುವೆಯ ವಿಷಯ ಹೇಳಿದೆ. ಕಫೀಲ್ ಕೆಟ್ಟವನಲ್ಲ, ಒಮ್ಮೆ ಊರಿಗೆ ಬಿಟ್ಟರೆ ಇವನು ತಿರುಗಿ ಬರಲಿಕ್ಕಿಲ್ಲ, ಮಕ್ಕಳನ್ನು ಶಾಲೆಗೆ ಬಿಡುವವರು ಯಾರು ಎಂಬ ಹೆದರಿಕೆ ಅವನಿಗೆ. ಬಹಳ ಹೊತ್ತು ಗಡ್ಡ ನೀವಿಕೊಂಡ. ಕೊನೆಗೆ, ಅವರ ಪದ್ಧತಿಯಂತೆ ಮಗನ ಹೆಸರು ಹಿಡಿದು ನನ್ನನ್ನು ಕರೆದು, ‘ಗಹ್ವಾ ಕುಡಿ, ಅಬೂ ರಝಾಕ್’ ಎಂದ. ಅಷ್ಟು ಹೇಳಿದರೆ ಕೆಲಸ ಆಯಿತೆಂದು ಲೆಕ್ಕ. ಪಾಸ್‌ಪೋರ್ಟ್ ಅಲ್ಲಿಯೇ ಕೈಗೆ ಬಂತು. ಕೊರಗಪ್ಪ ಮೊನ್ನೆ ವಿಮಾನ ಹತ್ತಿದ. ಈ ಪುಣ್ಯದಲ್ಲಿ ಎಸ್ತರ್ ಅಜ್ಜಿಗೆ ದೊಡ್ಡ ಪಾಲಿದೆ, ಅವರಿಗೆ ಅರ್ಥವಾಗುವ ಹಾಗೆ ಕಿವಿಯಲ್ಲಿ ಹೇಳು.

ಈಗ ನಿನ್ನ ಪ್ರಶ್ನೆ. ನನ್ನ ಉತ್ತರ: ಓದು. ಇಲ್ಲಿ ಮಸೀದಿಯಲ್ಲಿ ನಮಾಝ್ ಮುಗಿದ ಕೂಡಲೇ ಮಯ್ಯಿತ್ ನಮಾಝಿಗೆ ಕರೆಯುತ್ತಾರೆ. ಸತ್ತವನು ಯಾರು, ಯಾವ ಊರಿನವನು, ನಮಗೆ ಗೊತ್ತಿಲ್ಲ, ಆದರೂ ನಿಲ್ಲುತ್ತೇವೆ. ಯಹೂದಿಯೊಬ್ಬನ ಶವ ಹೋಗುವಾಗ ನಮ್ಮ ಪ್ರವಾದಿಯವರು (ಸ.ಅ.) ಎದ್ದು ನಿಂತಿದ್ದರು ಎಂದು ಮದರಸದಲ್ಲಿ ಉಸ್ತಾದರು ಕಲಿಸಿದ್ದು ಇನ್ನೂ ನೆನಪಿದೆ. ಅವರು ನಿಂತ ಮೇಲೆ ನೀನು ನಿಲ್ಲಲು ಯಾರಿಗೆ ಹೆದರಬೇಕು? ಅಷ್ಟು ಜನರಲ್ಲಿ ಆ ಅಜ್ಜಿ ತನ್ನ ತಾಯಿಯ ಹೆಸರನ್ನು ನಂಬಿ ಕೊಟ್ಟದ್ದು ನಮ್ಮ ಹುಡುಗಿಯ ಬಾಯಿಗೆ. ಇದು ನನಗೆ ಎಂಥ ಹೆಮ್ಮೆ ಎಂದು ಬರೆಯಲು ನನ್ನ ಐದನೇ ಕ್ಲಾಸು ಸಾಲದು. ತಲೆಗೆ ಬಟ್ಟೆ ಸರಿಯಾಗಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಲ್ಲು. ಗುಣುಗುಣು ಮಾಡಬೇಡ. ಆದರೆ ಇದು ನನ್ನೊಬ್ಬನ ಹ್ಞೂಂ. ನಿನ್ನ ಅಪ್ಪನ ಹ್ಞೂಂ ನನ್ನ ಕೈಯಲ್ಲಿಲ್ಲ. ಅವನು ಇನ್ನೂ ಮುಖ ಉಬ್ಬಿಸಿಕೊಂಡೇ ಇದ್ದಾನೆ, ಗದರಿಸಿ ಒಪ್ಪಿಸುವುದು ಸರಿಯಲ್ಲ ಎಂದು ಸುಮ್ಮನಿದ್ದೇನೆ. ನಾನು ಸುಮ್ಮನಿರುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತು.

ಅಲ್ಲಾಹು ನಿನ್ನ ಕೈಗುಣ ಹೆಚ್ಚಿಸಲಿ, ನೀನು ಮುಟ್ಟಿದ ರೋಗಿಗಳೆಲ್ಲ ಎದ್ದು ಕೂರಲಿ. ಎಸ್ತರ್ ಅಜ್ಜಿಗೆ ನನ್ನ ಗೌರವ ತಿಳಿಸು.

ನಿನ್ನ ಉಪ್ಪಾಪ
ಇದಿನಬ್ಬ

ತಾ.ಕ.: ರಾತ್ರಿ ನಮಾಝಿಗೆ ಇಶಾ ಬಾಂಗ್ ಆಗುತ್ತಿದೆ, ಬೇಗ ಬರೆಯುತ್ತೇನೆ. ಫೋಟೋ ತೆಗೆಯಲು ಕೊಟ್ಟರೆ ನಿನ್ನ ಅಪ್ಪ ಪತ್ರ ಪೂರ್ತಿ ಓದಿ ಹೊರಗೆ ಹೋದ. ಈಗ ಬಂದು ಕೇಳುತ್ತಾನೆ, ‘ಅಲ್ಲಿ ಸಂಜೆ ಐದು ಅಂದ್ರೆ ಇಲ್ಲಿ ಎಷ್ಟಾಗ್ತದೆ?’ ಏಳು ಎಂದೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು ಅದು. ‘ಅವತ್ತು ಏಳಕ್ಕೆ ಶಟರ್ ಎಳೆಯುವ. ಫೋನಿನಲ್ಲಿ ತೋರಿಸ್ಲಿಕ್ಕೆ ಹೇಳಿ ಅವಳಿಗೆ’ ಎಂದ. ಗಿರಾಕಿ ಬಂದು ಯಾಕೆ ಬಂದ್ ಅಂತ ಕೇಳಿದರೆ ಎಂತ ಹೇಳ್ತೀ ಎಂದೆ. ‘ನನ್ನ ಮಗಳು ಹೆಸರು ಓದ್ತಾಳೆ, ನೀವೂ ಒಳಗೆ ಬನ್ನಿ ಅಂತ ಹೇಳುದು’ ಎಂದ.