ಗೂಡಿನ ಆಟೊದ ಮೂರನೇ ಫೋಟೊ

ಮಾನ್ಯ ಸಂಚಾರ ಅಧಿಕಾರಿಗಳೇ,

ನನ್ನ ಡ್ರೈವಿಂಗ್ ಲೈಸೆನ್ಸನ್ನು ಮೂರು ತಿಂಗಳು ಅಮಾನತು ಮಾಡಿದ್ದೀರಿ. ಮೂರು ತಪ್ಪು, ಮೂರು ಅಂಕ ಎನ್ನುತ್ತದೆ ನಿಮ್ಮ ನೋಟಿಸು. ಅಂಕ ಬಾರದೆ ಏಳನೇ ತರಗತಿಗೇ ಶಾಲೆ ಬಿಟ್ಟವನು ನಾನು. ಈಗ ಅಂಕ ಬಂದದ್ದಕ್ಕೆ ಕೆಲಸ ಬಿಡಬೇಕಾಗಿದೆ.

ಮೊದಲ ಎರಡು ತಪ್ಪು ನನ್ನವೇ. ಬೈರಾಪಟ್ಟಣದಿಂದ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ಲಗೇಜ್ ಆಟೊ ನನ್ನದು. ನಮ್ಮ ಕಡೆ ಗೂಡು ಬೆಳೆದವರು ಹರಾಜು ಮುಗಿಯುವವರೆಗೂ ಅದನ್ನು ಬಿಟ್ಟು ಕದಲುವುದಿಲ್ಲ. ಮುಂದೆ ಇರುವುದು ಡ್ರೈವರ್ ಸೀಟೊಂದೇ. ಹಾಗಾಗಿ ನನ್ನ ಗಾಡಿಯಲ್ಲೇ ಗೂಡು ಕಳಿಸುವ ನಮ್ಮೂರ ಕಡೆಯ ಬೈರಮ್ಮನವರು ಹಿಂದೆ ಚೀಲಗಳ ನಡುವೆ ಕೂತು ಬರುತ್ತಿದ್ದರು. ಬೇಡವೆಂದರೆ, "ಒಂದರ ಮ್ಯಾಲೊಂದು ಬಿದ್ದು ಗೂಡು ನಜ್ಜಾದ್ರೆ ನೀನು ಕಟ್ಕೊಡ್ತೀಯೇನ್ಲಾ ಸಮದ?" ಎಂದು ನನ್ನನ್ನೇ ಗದರುತ್ತಿದ್ದರು. ಸರಕಿನ ಗಾಡಿಯಲ್ಲಿ ಜನರನ್ನು ಕೂರಿಸುವುದು ಅಪಾಯ, ಒಪ್ಪುತ್ತೇನೆ. ಎರಡೂ ದಂಡವನ್ನು ತುಟಿಪಿಟಕ್ ಎನ್ನದೆ ಕಟ್ಟಿದೆ. ಅಂದಿನಿಂದ ಆಕೆ ಬಸ್ಸಿನಲ್ಲಿ ಬಂದು, ನನ್ನ ಆಟೊ ಕಾಣುವವರೆಗೂ ಮಾರುಕಟ್ಟೆಯ ಗೇಟಿನಲ್ಲಿ ಚಡಪಡಿಸುತ್ತಾ ನಿಲ್ಲುತ್ತಾರೆ.

ಇನ್ನು ಮೂರನೆಯದು. ರಸ್ತೆ ಸುರಕ್ಷತಾ ಸಪ್ತಾಹದ ಜಾಥಾಕ್ಕೆ ಗಾಡಿ ಬೇಕೆಂದು ತಾವೇ ನನ್ನನ್ನು ಕರೆಸಿದಿರಿ. ಬಾಡಿಗೆಯ ಮಾತೆತ್ತದೆ ಬಂದೆ. ಫಲಕ ಹಿಡಿದ ಆರು ಸ್ವಯಂಸೇವಕರು ಹಿಂದೆ ಹತ್ತಲು ಬಂದಾಗ ನನಗೆ ದಿಗಿಲಾಯಿತು. "ಸಾರ್, ಜನ ಹತ್ತಿಸ್ಕೊಂಡ್ರೆ ಇನ್ನೊಂದು ಪಾಯಿಂಟ್ ಬೀಳ್ತದೆ" ಎಂದೆ. ತಾವು ನನ್ನ ಬೆನ್ನು ತಟ್ಟಿದಿರಿ. "ನಾನಿಲ್ವೇನಯ್ಯಾ? ಹತ್ಸು!"

ನಂಬಿದೆ, ಸ್ವಾಮಿ. ಯಾಕೆ ನಂಬಬಾರದಿತ್ತು? ಕಾನೂನು ಹೇಳಿಕೊಡುವವರನ್ನೇ ನಂಬದೆ ಇನ್ಯಾರನ್ನು ನಂಬಬೇಕಿತ್ತು? ಹೆದ್ದಾರಿಯ ಕ್ಯಾಮೆರಾ ಮಾತ್ರ ತನ್ನ ಕೆಲಸ ಮಾಡಿತು. ನೋಟಿಸು ಹಿಡಿದು ಕಚೇರಿಗೆ ಬಂದರೆ ಗುಮಾಸ್ತರು, "ಕಂಪ್ಯೂಟರ್‌ಗೆ ಜಾಥಾ ಗೀಥಾ ಗೊತ್ತಾಗಲ್ಲ ಕಣಪ್ಪ" ಎಂದರು. ತಾವು ಕೋಣೆಯಿಂದ ಹೊರಗೆ ಬಂದು, ನನ್ನ ಮುಖ ನೋಡಿ, "ಯಾರಪ್ಪ ನೀನು?" ಎಂದಿರಿ. ದಂಡಕ್ಕಿಂತ, ಅಂಕಕ್ಕಿಂತ, ಆ ಮಾತೇ ನನಗೆ ದುಬಾರಿಯಾಯಿತು.

ಸೋಮವಾರ ಬೈರಮ್ಮನವರ ಗೂಡು ಬಿಡಿಸಿ ಮಾರುಕಟ್ಟೆಗೆ ಸಾಗಿಸಬೇಕು. ಬೇರೆ ಡ್ರೈವರ್ ಕೈಗೆ ಕೊಡಲು ಆಕೆ ಒಪ್ಪುತ್ತಿಲ್ಲ. ನಾನು ಮನೆಯ ಮುಂದೆ ನಿಂತ ಆಟೊವನ್ನು ಒರೆಸುತ್ತಾ ಕೂತಿದ್ದೇನೆ.

ನನ್ನ ಬೇಡಿಕೆ ಇಷ್ಟೆ: ಮೂರನೇ ಅಂಕವನ್ನು ರದ್ದು ಮಾಡಿ, ಲೈಸೆನ್ಸ್ ಹಿಂತಿರುಗಿಸಿ. ಸಾಧ್ಯವಿಲ್ಲವೆಂದರೆ ನೋಟಿಸಿನ ಜೊತೆ ನಿಮ್ಮ ಕಚೇರಿಯೇ ಕಳಿಸಿದ ಮೂರನೇ ಫೋಟೊವನ್ನು ಒಮ್ಮೆ ನೋಡಿ. ಹಿಂದೆ ಏಳು ಜನ ನಿಂತಿದ್ದರೆಂದು ನೋಟಿಸಿನಲ್ಲಿ ಬರೆದಿದೆ. ಸ್ವಯಂಸೇವಕರು ಆರೇ ಜನ. ಮೈಕು ಹಿಡಿದು, ಕೈ ಎತ್ತಿ, "ನಿಯಮ ಪಾಲಿಸಿ" ಎನ್ನುತ್ತಿರುವ ಏಳನೆಯವರು ತಾವು.

ಇಂತಿ,
ತಮ್ಮ ಮಾತು ಕೇಳಿ ತಮ್ಮನ್ನೂ ಹತ್ತಿಸಿಕೊಂಡ ತಪ್ಪಿತಸ್ಥ,
ಸಮದ್
ಲಗೇಜ್ ಆಟೊ ಚಾಲಕ (ಸದ್ಯಕ್ಕೆ ಅಲ್ಲ), ಚನ್ನಪಟ್ಟಣ