ಮಾವನ ಹೆಸರು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಕೆಮ್ಮಿನವರೇ. ಆಸ್ಪತ್ರೆಯವರು ಕೊಟ್ಟ, ತಾನೇ ಮಾತಾಡೋ ಫೋನ್ ಡಾಕ್ಟರ್ ಎಲ್ಲರ ಹೆಸರು ಕೇಳುತ್ತೆ, ಆಮೇಲೆ ಅದನ್ನೇ ಗಟ್ಟಿಯಾಗಿ ಒದರುತ್ತೆ. ಲೂಸಿಯಾ ತನ್ನ ಮಾವನನ್ನು ಕರೆತಂದಿದ್ದಳು. ಮುದುಕನಿಗೆ ಜ್ವರ, ಮಾತಿಲ್ಲ. ನಮ್ಮ ದ್ವೀಪದಲ್ಲಿ ಸೊಸೆ ಮಾವನ ಹೆಸರೆತ್ತುವ ಹಾಗಿಲ್ಲವಲ್ಲ. ನಾನು ಹೇಳಬಹುದಿತ್ತು—ಅವಳ ಕಿವಿಗೆ ಬಿದ್ದರೆ ಅವಳಿಗೆ ನಾಚಿಕೆ.

"ಏನಾದ್ರೂ ಹಾಕು ಸಿಸ್ಟರ್!" ಅಂದಳು.

'ಮಾವ' ಅಂತ ಹಾಕಿದೆ. ಫೋನು "ಮಾವ, ಎಷ್ಟು ದಿನದಿಂದ ಕೆಮ್ಮು?" ಅಂದಾಗ ಬಿದ್ದು ಬಿದ್ದು ನಕ್ಕೆವು. ಮಾತ್ರೆ ಮಾತ್ರ ಸರಿಯಾಗೇ ಹೇಳಿತು.

ಮಾರ್ಚ್ 19

ಊರು ಖಾಲಿ. ಆಚೆ ದ್ವೀಪದಲ್ಲಿ ಸಾವಿನ ಊಟ, ಎಲ್ಲರೂ ದೋಣಿ ಹತ್ತಿದರು. ನನ್ನ ಗಂಡನೂ. ಉಳಿದದ್ದು ನಾನು, ಅತ್ತೆ, ಜ್ವರ ಬಂದ ನಮ್ಮ ಮಾವ. ಉಸಿರು ಎಳೀತಿದಾರೆ. ಕಣ್ಣು ಬಿಡ್ತಿಲ್ಲ.

ಫೋನಿಗೆ 'ಮಾವ' ಅಂದೆ.

"ಮಾವ, ನೀವು ಗುಣವಾಗುತ್ತಿದ್ದೀರಿ. ದೋಣಿ ಬೇಕಿಲ್ಲ."

ಅಯ್ಯೋ, ಅದು ಹೇಳ್ತಿರೋದು ಲೂಸಿಯಾಳ ಮಾವನಿಗೆ! ಇಬ್ಬರನ್ನೂ ಒಬ್ಬರೇ ಅಂದುಕೊಂಡಿದೆ...

ಅದೇ ದಿನ, ಸಂಜೆ

ರೇಡಿಯೋದಲ್ಲಿ ಆಸ್ಪತ್ರೆಗೆ ಹೇಳಿದೆ. "ದೋಣಿ ಬೇಡ ಅಂತ ಫೋನೇ ಹೇಳಿದ್ರೆ ನಾವು ಕಳಿಸೋಕಾಗಲ್ಲ ಸಿಸ್ಟರ್. ನಿಜವಾದ ಹೆಸರು ಹೇಳಿ ಮತ್ತೆ ಕೇಳಿ."

ಅತ್ತೆ ಕಡೆ ನೋಡಿದೆ.

"ನನ್ನನ್ಯಾಕೆ ನೋಡ್ತೀಯೇ? ಗಂಡನ ಹೆಸರು ಬಾಯಲ್ಲಿ ಆಡಿದವಳಲ್ಲ ನಾನು!" ಆಮೇಲೆ ಮಾವನ ಎದೆ ಮುಟ್ಟಿ ನೋಡಿದರು. ಕೊಡ ಎತ್ತಿಕೊಂಡರು. "ನೀರಿಗೆ ಹೋಗ್ತೀನಿ. ನನ್ನ ಕಿವಿಗೆ ಬೀಳೋದು ಬೇಡ."

ಹೇಳಿದೆ. ಫೋನು ತಿರುಗಿ ಒದರಿತು. ಮಾವನ ರೆಪ್ಪೆ ಅಲುಗಿತು.

"ನ್ಯುಮೋನಿಯಾ ಇರಬಹುದು. ದೋಣಿ ಕಳಿಸಲಾಗುತ್ತಿದೆ."

ಮಾರ್ಚ್ 28

ಮಾವ ವಾಪಸ್. ದೋಣಿ ಇಳಿದವರೇ, "ನನ್ನ ಹಂದಿ ಎಲ್ಲಿ?" ಹೆಸರೆತ್ತಿದ ತಪ್ಪಿಗೆ ಹಂದಿ ಕೊಡಲೇಬೇಕು.

"ಆ ಫೋನೂ ನಿಮ್ಮ ಹೆಸರೆತ್ತಿದೆ ಮಾವ. ಅದರ ಹತ್ರಾನೂ ಒಂದು ಕೇಳಿ."

ನಕ್ಕು ನಕ್ಕು ಮತ್ತೆ ಕೆಮ್ಮು.

ಈ ಫೋನ್ ಡಾಕ್ಟರನ್ನು ಮಾಡಿದವರು ಒಬ್ಬ ಸೊಸೆಯನ್ನಾದರೂ ಕೇಳಿದ್ದರಾ? ಆಸ್ಪತ್ರೆಗೆ ಹೇಳಿದೆ. "ಮೇಲಿನವರಿಗೆ ತಿಳಿಸ್ತೀವಿ" ಅಂದರು.

ಮಾರ್ಚ್ 30

ಫೋನಿನ ತುಂಬ ಮಾವಂದಿರು, ಅತ್ತೆಯಂದಿರು. ನಿಜವಾದ ಹೆಸರು ಹಾಕಿ ಒಬ್ಬೊಬ್ಬರನ್ನೇ ಬಿಡಿಸುತ್ತಿದ್ದೇನೆ. ಅತ್ತೆ ಹೇಳಿಕೊಟ್ಟ ಹಾಗೇ—ಸೊಸೆ ಹೊರಗೆ, ಹೆಸರು ಒಳಗೆ.

ಇವತ್ತು ಅತ್ತೆಗೇ ಕೆಮ್ಮು. ನಾನು ಹೊರಗೆ ನಿಂತೆ, ಲೂಸಿಯಾ ಹೆಸರು ಹೇಳಿದಳು. ಫೋನು ಒದರಿತು. ಬಿದಿರಿನ ಗೋಡೆ... ಕೇಳಿಸಿಯೇ ಬಿಟ್ಟಿತು. ಇಷ್ಟು ವರ್ಷದ ಮೇಲೆ, ಕಿವಿಯಾರೆ. ಎಂಥ ಚೆಂದದ ಹೆಸರು! ನಮ್ಮ ತವರಿನ ಕಡೆ ಒಂದು ಹಕ್ಕಿಗೆ—

ಬೇಡ. ಅತ್ತೆಗೆ ಓದೋಕೆ ಬರುತ್ತೆ.